ಕಲ್ಲು ನೋಡಲು ಹೋಗಿ ಕಾರಿನ ರೇಸಿನಲ್ಲಿ ಡೇರೆ ಹಾಕಿದ್ದು

ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಬಾಗಲಕೋಟೆಯ ಬೆಳಗಿನ ಬಸ್ಸು ಹೊರಡುವ ಲಕ್ಷಣವೇ ಇರಲಿಲ್ಲ. ಚಹಾಕ್ಕೆ ಹೋದ ಡ್ರೈವರು ಇನ್ನೂ ಬಂದಿರಲಿಲ್ಲ. ನಾನು ಇಳಿದು ಕ್ಯಾಂಟೀನಿನ ಕಡೆ ನೋಡುವುದು, ಹತ್ತಿ ಕೂಡುವುದು, ಮತ್ತೆ ಇಳಿಯುವುದು ಮಾಡುತ್ತಿದ್ದೆ. ಕಳಿಸಲು ಬಂದಿದ್ದ ನನ್ನ ಅಣ್ಣ ಗುರಣ್ಣ ಕಿಟಕಿಯ ಕೆಳಗೆ ಕೊಡೆ ಊರಿಕೊಂಡು ನಿಂತು ಇದನ್ನೆಲ್ಲ ನೋಡುತ್ತಿದ್ದ.

“ಕುಂದರೋ ಮಾರಾಯಾ. ನೀ ಇಳದ್ರ ಅಂವ ಲಗೂ ಬರ್ತಾನೇನು?” ಎಂದ.

“ಸೊಲ್ಲಾಪುರದ ಗಾಡಿ ತಪ್ಪಿದ್ರ?”

“ಗಾಡಿ ಮಧ್ಯಾಹ್ನಕ್ಕೈತಿ. ಹಿಂಗ ಮಾಡಿದ್ರ ನೀ ವಿಮಾನದಾಗಿಂದನೂ ನಡುವ ಇಳೀತಿ ನೋಡು.”

ಅಣ್ಣನಿಗೆ ಈ ಮಾತು ಹೇಳುವ ಹಕ್ಕಿತ್ತು. ನಮ್ಮದು ಅಜ್ಜನ ಕಾಲದಿಂದ ಸೀರೆ ಅಂಗಡಿ. ಇಳಕಲ್ಲಿನಲ್ಲಿ ಸೀರೆ ವ್ಯಾಪಾರವೆಂದರೆ ಗಾದಿಯ ಮೇಲೆ ಕೂಡುವುದು. ಬೆಳಿಗ್ಗೆ ಲೋಡಿಗೆ ಒರಗಿ ಕೂತವನು ರಾತ್ರಿ ದೀಪ ಆರಿಸಿಯೇ ಏಳಬೇಕು. ಗಿರಾಕಿ ಹತ್ತು ಸೀರೆ ಬಿಡಿಸಿ, ಸೆರಗು ನೋಡಿ, ದಡಿ ನೋಡಿ, “ನಾಳಿ ಬರ್ತೇವ್ರಿ” ಎಂದು ಹೋದ ಮೇಲೆ ಹತ್ತನ್ನೂ ಮತ್ತೆ ಮಡಚಬೇಕು. ನನಗೆ ಅದು ಆಗಲಿಲ್ಲ. ಕಾಲು ಜೋಮು ಹಿಡಿಯುವ ಮೊದಲೇ ಮನಸ್ಸು ಜೋಮು ಹಿಡಿಯುತ್ತಿತ್ತು. ಕೊನೆಗೆ ಊರ ಹೊರಗಿನ ಕೆಂಪು ಬಂಡೆಯ ನೆಲವನ್ನು ಲೀಸಿಗೆ ಹಿಡಿದು ಕಲ್ಲಿನ ಕ್ವಾರಿ ಮಾಡಿದೆ. ದಿನವಿಡೀ ಬಿಸಿಲಲ್ಲಿ ಅಡ್ಡಾಡಿಕೊಂಡಿರಬಹುದಲ್ಲ ಎಂಬುದೇ ಅದರಲ್ಲಿ ನನಗೆ ಕಂಡ ದೊಡ್ಡ ಲಾಭ. ಬಂಡವಾಳ ಅಣ್ಣನದು, ತಿರುಗಾಟ ನನ್ನದು.

ನಮ್ಮ ಕೆಂಪು ಗ್ರಾನೈಟು ಮದ್ರಾಸಿನ ಬಂದರಿನಿಂದ ಹಡಗು ಹತ್ತಿ ಇಟಲಿಗೆ ಹೋಗುತ್ತಿತ್ತು. ಬೆಂಗಳೂರಿನ ಒಬ್ಬ ಏಜೆಂಟ ನಡುವೆ ಇದ್ದ. ಎಂಬತ್ತರ ದಶಕದ ನಡುವಿನ ಆ ವರ್ಷ, ಮಳೆಗಾಲದಲ್ಲಿ, ಅವನಿಂದ ಸುದ್ದಿ ಬಂತು. ಕೊನೆಯ ಸಲ ಕಳಿಸಿದ ಬ್ಲಾಕುಗಳಲ್ಲಿ ನಾಲ್ಕಕ್ಕೆ ಕೂದಲೆಳೆಯ ಬಿರುಕು ಇದೆ, ಬೇಡ, ಮುಂದಿನದನ್ನೂ ಕಳಿಸಬೇಡಿ ಎಂದು ವೆರೋನಾ ಊರಿನ ವ್ಯಾಪಾರಿ ತಿಳಿಸಿದ್ದಾನೆ ಎಂದು. ನಾನು ಕುದಿದುಹೋದೆ. ಯಾಕೆಂದರೆ ಆ ನಾಲ್ಕನ್ನೂ ನಾನೇ ಸುತ್ತಿಗೆಯಿಂದ ಬಾರಿಸಿ, ಕಿವಿಗೊಟ್ಟು ಕೇಳಿ, ಬಣ್ಣದಲ್ಲಿ ಗುರುತು ಹಾಕಿ ಕಳಿಸಿದ್ದೆ. ಗಟ್ಟಿ ಬ್ಲಾಕು ಬಾರಿಸಿದರೆ ಗಂಟೆಯಂತೆ ನುಡಿಯುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಅಲ್ಲೇ ಸತ್ತುಹೋಗುತ್ತದೆ. ನೀರು ಹಾಕಿದರೂ ಗೆರೆ ಕಾಣುತ್ತದೆ, ಆದರೆ ಅದು ಎಷ್ಟು ಆಳ ಎಂದು ನೀರು ಹೇಳುವುದಿಲ್ಲ. ಅದನ್ನು ಹೇಳುವುದು ಕಿವಿಯೊಂದೇ, ಮತ್ತು ನನ್ನ ಕಿವಿಯ ಬಗ್ಗೆ ನನಗೆ ಸಂಶಯವಿರಲಿಲ್ಲ.

ಅಣ್ಣ ಮಾತ್ರ ತಣ್ಣಗೆ ಹೇಳಿದ: “ಹೋಗಿ ನೀನ ಬಾರ್ಸಿ ನೋಡು. ನಾಲ್ಕೂ ಚಲೋ ಇದ್ರ ಕ್ವಾರಿ ನಿಂದು, ನಾ ತುಟಿ ಬಿಚ್ಚೂದಿಲ್ಲ. ಒಂದ ಕಲ್ಲು ಒಡದಿತ್ತಂದ್ರೂ ಬಂದು ಗಾದಿ ಮ್ಯಾಲೆ ಕುಂದರು. ಮತ್ತ ಕಲ್ಲಿನ ಸುದ್ದಿ ತಗೀಬಾರದು.”

ನಾನು ಒಪ್ಪಿದೆ. ಹೀಗೆ ನನ್ನ ಮೊದಲ ವಿದೇಶ ಪ್ರವಾಸ ಹೊರಟಿತು. ಬೇರೆಯವರು ಲೋಕ ನೋಡಲು ಹೋಗುತ್ತಾರೆ. ನಾನು ಹೋದದ್ದು ನಮ್ಮೂರ ಕಲ್ಲನ್ನೇ ನೋಡಲು.

ಬಸ್ಸು ಕೊನೆಗೂ ಹೊರಟು ಹುನಗುಂದ ದಾಟಿ ಬಾಗಲಕೋಟೆ ಮುಟ್ಟಿತು. ಅಲ್ಲಿಂದ ಸಣ್ಣ ರೈಲುಗಾಡಿಯಲ್ಲಿ ಸೊಲ್ಲಾಪುರ, ಸೊಲ್ಲಾಪುರದಿಂದ ದೊಡ್ಡ ಗಾಡಿಯಲ್ಲಿ ಮುಂಬಯಿ. ನನ್ನ ಹೆಂಡತಿ ಶಾಂತಾ ಬಾದಾಮಿಯವಳು. ಬುತ್ತಿ ಕಟ್ಟುವುದರಲ್ಲಿ ಅವಳ ತವರಿನವರೆಲ್ಲ ಗಟ್ಟಿಗರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೊಬ್ಬರಿ, ಬೆಲ್ಲ. “ಅಲ್ಲಿ ಏನೇನ ಹಾಕ್ತಾರೋ ಏನೋ, ಕೇಳದ ಬಾಯಾಗ ಇಡಬ್ಯಾಡ್ರಿ. ಮತ್ತ ಪೂಜಿ ತಪ್ಪಸಬ್ಯಾಡ್ರಿ,” ಎಂದಿದ್ದಳು. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಬುತ್ತಿ ಹೆಚ್ಚಿತ್ತು. ಎಲ್ಲದರ ಕೆಳಗೆ ನನ್ನ ಸುತ್ತಿಗೆ. ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅದನ್ನು ಎತ್ತಿ ಹಿಡಿದು, ಇದೇಕೆ ಎಂದು ಕೇಳಿದ. ಕಲ್ಲಿನ ಸದ್ದು ಕೇಳಲು ಎಂದೆ. ಅವನು ನನ್ನ ಮುಖ ನೋಡಿ, ನಕ್ಕು, ಪೆಟ್ಟಿಗೆ ಮುಚ್ಚಿದ.

ವಿಮಾನದಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ನಡುವಿನ ದಾರಿಯಲ್ಲಿ ನಾನು ಅಷ್ಟು ಸಲ ಓಡಾಡಿದೆ ಎಂದರೆ ಗಗನಸಖಿ ನನಗೆ ಹೊಟ್ಟೆ ಕೆಟ್ಟಿದೆ ಎಂದು ತಿಳಿದು ಗುಳಿಗೆ ತಂದುಕೊಟ್ಟಳು. ರೋಮಿನಲ್ಲಿ ಇಳಿದು, ಅಲ್ಲಿಂದ ಉತ್ತರಕ್ಕೆ ರೈಲು. ಹೊರಗೆ ಸೆಪ್ಟೆಂಬರಿನ ಬಿಸಿಲು, ದ್ರಾಕ್ಷಿ ತೋಟ, ಗುಡ್ಡದ ಮೇಲೆ ಊರು. ಚೆಂದವೇ ಇತ್ತು. ಆದರೆ ನನ್ನ ಕಣ್ಣಲ್ಲಿ ಆ ನಾಲ್ಕು ಬ್ಲಾಕುಗಳೇ ಕೂತಿದ್ದವು. ಮಧ್ಯಾಹ್ನ ವೆರೋನಾ ಮುಟ್ಟಿದರೆ ಸಂಜೆಯೊಳಗೆ ಬಾರಿಸಿ ನೋಡಬಹುದು ಎಂದು ಲೆಕ್ಕ ಹಾಕುತ್ತ ಹೋದೆ.

ವೆರೋನಾದ ನಿಲ್ದಾಣದಲ್ಲಿ ನನ್ನ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದ ಆಸಾಮಿಯೇ ಜೂಲಿಯೊ. ಕಲ್ಲು ಬೇಡವೆಂದ ವ್ಯಾಪಾರಿ. ನನ್ನದೇ ವಯಸ್ಸು, ನಲವತ್ತರ ಆಚೀಚೆ, ಗುಂಡಗಿನ ಮೈ, ಮಾತಿಗೊಮ್ಮೆ ಕೈ. ಮಹಾಂತೇಶ ಎಂಬುದು ಅವನ ನಾಲಿಗೆಗೆ ದಕ್ಕದೆ ಮೊದಲ ನಿಮಿಷಕ್ಕೇ ‘ಮಾಂತೆ’ ಆಯಿತು. ನನ್ನ ಇಂಗ್ಲಿಷು ಹುನಗುಂದದ ಹೈಸ್ಕೂಲಿನದು, ಅವನದು ಬಂದರಿನಲ್ಲಿ ಕಲಿತದ್ದು. ಹೇಗೋ ಹೊಂದಿಕೆಯಾಯಿತು. ನಿಲ್ದಾಣದ ಹೊರಗೆ ಅವನ ವ್ಯಾನು ನಿಂತಿತ್ತು. ಒಳಗೆ ಗಾದಿ, ಪಾತ್ರೆ, ಸ್ಟೋವು, ಡೇರೆಯ ಗಂಟು, ಮತ್ತು ಮುಂದಿನ ಸೀಟಿನಲ್ಲಿ ಕಪ್ಪು ಬಟ್ಟೆಯ ಅವನ ತಾಯಿ.

“ಯಾರ್ಡಿಗೆ ಹೋಗೋಣವೇ?” ಎಂದೆ.

“ಯಾರ್ಡು ಮುಚ್ಚಿದೆ. ಇವತ್ತು ಶುಕ್ರವಾರ. ನಾಳೆ, ನಾಡಿದ್ದು ಮಿಲಾನಿನ ಹತ್ತಿರ ಕಾರಿನ ರೇಸು. ನಾವು ಪ್ರತಿ ವರ್ಷ ಹೋಗುತ್ತೇವೆ, ಅಲ್ಲೇ ಡೇರೆ ಹಾಕಿ ಮಲಗುತ್ತೇವೆ. ನೀನೂ ಬಾ. ಕಲ್ಲು ಸೋಮವಾರ.”

“ನಾನು ಇಷ್ಟು ದೂರದಿಂದ ಬಂದದ್ದು ಕಲ್ಲಿಗೆ.”

“ಕಲ್ಲು ಓಡಿಹೋಗುವುದಿಲ್ಲ ಮಾಂತೆ. ಕಾರು ಓಡಿಹೋಗುತ್ತದೆ.”

ಊರ ಹೊರಗೆ ಅವನ ಯಾರ್ಡಿನ ಮುಂದೆಯೇ ದಾರಿ. ತಂತಿ ಬೇಲಿಯಾಚೆ ನನ್ನ ಕೆಂಪು ಬ್ಲಾಕುಗಳು ಸಾಲಾಗಿ ಬಿದ್ದಿದ್ದವು, ಮೈಮೇಲೆ ನಾನೇ ಬರೆದ ಬಿಳಿ ಗುರುತು. ಪರದೇಶದಲ್ಲಿ ನಮ್ಮೂರಿನವರು ಕಂಡಂತಾಯಿತು. “ನಿಲ್ಲಿಸು, ಐದೇ ನಿಮಿಷ,” ಎಂದೆ. ಅವನು ಬೀಗದ ಕೈ ಮೇಸ್ತ್ರಿಯ ಹತ್ತಿರ ಇದೆ, ಮೇಸ್ತ್ರಿ ಊರಿಗೆ ಹೋಗಿದ್ದಾನೆ ಎಂದ. ಖರೆಯೋ ಸುಳ್ಳೋ ದೇವರೇ ಬಲ್ಲ. ಕಲ್ಲಿಗೆ ನಿಜವಾಗಿ ಬಿರುಕಿದ್ದರೆ ಇವನು ಅದನ್ನು ತೋರಿಸಲು ಅವಸರಪಡಬೇಕಿತ್ತಲ್ಲ ಎಂಬ ಹುಳ ನನ್ನ ತಲೆಯನ್ನು ಹೊಕ್ಕಿತು.

ಮಿಲಾನಿನ ಕಡೆಗೆ ನೂರೈವತ್ತು ಕಿಲೋಮೀಟರಿನ ದಾರಿ. ರೇಸಿನ ದಾರಿ ಇರುವುದು ಒಂದು ದೊಡ್ಡ ಉದ್ಯಾನದ ನಡುವೆ, ಹಳೆಯ ಮರಗಳ ಕಾಡಿನಲ್ಲಿ. ಗೇಟು ಇನ್ನೂ ದೂರವಿರುವಾಗಲೇ ಜೂಲಿಯೊ ವ್ಯಾನು ಬದಿಗೆ ನಿಲ್ಲಿಸಿ, ನಿನಗೆ ಟಿಕೆಟು ತೆಗೆಸಿಲ್ಲ, ಎಲ್ಲ ಮುಗಿದುಹೋಗಿವೆ, ಹಿಂದೆ ಹೋಗಿ ಮಲಗು ಎಂದ. ನಾನು ಇಳಕಲ್ಲಿನ ಮರ್ಯಾದಸ್ಥ ಮನೆತನದವನು ಎಂದು ಹೇಳಬೇಕೆಂದುಕೊಂಡೆ, ಇಂಗ್ಲಿಷ್ ನೆನಪಾಗಲಿಲ್ಲ. ಮಲಗಿದೆ. ನನ್ನ ಮೇಲೆ ಅವನು ಗಾದಿ ಎಳೆದ. ಗಾದಿಯ ಮೇಲೆ ಅವನ ತಾಯಿ ಬಂದು ಕೂತಳು. ಗಾದಿಯಿಂದ ತಪ್ಪಿಸಿಕೊಳ್ಳಲೆಂದು ಏಳು ಸಮುದ್ರ ದಾಟಿದವನ ಮೇಲೆ ಗಾದಿಯೇ ಬಂದು ಬಿದ್ದಿತ್ತು. ಹೊರಗೆ ಗೇಟಿನವನು ಏನೋ ಕೇಳಿದ, ಜೂಲಿಯೊ ಸಕ್ಕರೆಯಂಥ ದನಿಯಲ್ಲಿ ಏನೋ ಹೇಳಿದ, ಮುದುಕಿ ನರಳಿದಂತೆ ಮಾಡಿದಳು. ಗಾಡಿ ಒಳಗೆ ಹೋಯಿತು. ಉಸಿರು ಕಟ್ಟಿ ಎದ್ದು ಕೂತಾಗ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಗೇಟಿನವನಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳುವವನು ಕಲ್ಲಿನ ಮಾತಿನಲ್ಲಿ ಬಿಡುತ್ತಾನೆಯೇ ಎಂದು ಯೋಚಿಸಿದೆ.

ಮರಗಳ ಕೆಳಗೆ ಡೇರೆಗಳ ಒಂದು ಊರೇ ಎದ್ದಿತ್ತು. ಬಣ್ಣಬಣ್ಣದ ಬಟ್ಟೆ, ಬಾವುಟ, ಹಗ್ಗಕ್ಕೆ ಒಣಹಾಕಿದ ಬನಿಯನ್ನು, ಹೊಗೆ, ರೇಡಿಯೊ. ಡೇರೆಯ ಗೂಟಗಳನ್ನು ನಾನು ನನ್ನ ಸುತ್ತಿಗೆಯಿಂದಲೇ ಹೊಡೆದೆ. ಕೆಲಸ ಸಿಕ್ಕಿದ್ದೇ ನನಗೆ ಸಮಾಧಾನ. ನಮ್ಮದು ಮುಗಿದ ಮೇಲೆ ಪಕ್ಕದವರದ್ದನ್ನೂ ಹೊಡೆದುಕೊಟ್ಟೆ. ಜೂಲಿಯೊ ಅವರಿಗೆ ನನ್ನನ್ನು ತೋರಿಸಿ, ಇವನು ಇಂಡಿಯಾದ ಮಹಾರಾಜ, ಅರಮನೆ ಬಿಟ್ಟು ನಮ್ಮ ರೇಸು ನೋಡಲು ಬಂದಿದ್ದಾನೆ ಎಂದು ಹೇಳಿದ. ಅವರು ನಂಬಿದರೋ ಇಲ್ಲವೋ, ಬೇಲಿಯ ಹತ್ತಿರ ನಮಗೆ ಒಳ್ಳೆಯ ಜಾಗ ಬಿಟ್ಟುಕೊಟ್ಟರು. ಮಹಾರಾಜನು ಗೂಟ ಹೊಡೆಯುವುದನ್ನು ಕಂಡು ಯಾರಿಗೂ ಸಂಶಯ ಬರಲಿಲ್ಲ.

ರಾತ್ರಿಯ ಊಟಕ್ಕೆ ಮುದುಕಿ ಗೋವಿನಜೋಳದ ಹಿಟ್ಟನ್ನು ಕುದಿಸಿ ತಿರುವಿ ತಿರುವಿ ಗಟ್ಟಿ ಮಾಡಿದಳು. ನೋಡಿದರೆ ನಮ್ಮ ಮನೆಯ ನುಚ್ಚಿನ ಅಕ್ಕನೋ ತಂಗಿಯೋ. ಅದರ ಮೇಲೆ ಮಾಂಸದ ಸಾರು ಸುರಿಯಲು ಬಂದಾಗ ನಾನು ಕೈ ಅಡ್ಡ ಹಿಡಿದು, ನನ್ನ ಗುರೆಳ್ಳು ಚಟ್ನಿಯ ಡಬ್ಬಿ ತೆಗೆದೆ. ಆಕೆ ನನ್ನ ತಾಟಿನಿಂದ ಬೆರಳಲ್ಲಿ ಅದ್ದಿ ನೋಡಿ, ಕಣ್ಣಲ್ಲಿ ನೀರು ತಂದುಕೊಂಡು, ಮತ್ತೊಮ್ಮೆ ಅದ್ದಿದಳು. ಆಮೇಲೆ ಆ ಡಬ್ಬಿ ನನಗೆ ಪೂರ್ತಿ ವಾಪಸು ಬರಲೇ ಇಲ್ಲ.

ಶನಿವಾರ ಬೆಳಿಗ್ಗೆ ನಲ್ಲಿಯ ಮುಂದೆ ದೊಡ್ಡ ಸಾಲು. ತಣ್ಣೀರಿನಲ್ಲಿ ಮೈ ತೊಳೆದುಕೊಂಡು, ಡೇರೆಯ ಮೂಲೆಯಲ್ಲಿ ಕೂತು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿದೆ. ಅಷ್ಟರಲ್ಲಿ ಜೂಲಿಯೊ ಏನೋ ಕೇಳುತ್ತ ಒಳಗೆ ತಲೆ ಹಾಕಿದ. ಅವನ ತಾಯಿ ಹೊರಗಿನಿಂದ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದದ್ದು ಕಂಡಿತು. ಪೂಜೆ ಮುಗಿಯುವವರೆಗೆ ಆಕೆ ಡೇರೆಯ ಬಾಗಿಲಲ್ಲಿ ಬೆನ್ನು ಹಾಕಿ ಕೂತಿದ್ದಳು, ಯಾರನ್ನೂ ಬಿಡಲಿಲ್ಲ. ದಿನದಲ್ಲಿ ಅಷ್ಟು ಹೊತ್ತು ಮಾತ್ರ ನಾನು ನಿಶ್ಚಲವಾಗಿ ಕೂಡುವುದು, ಅದನ್ನು ಪರದೇಶದ ಮುದುಕಿ ಕಾಯ್ದುಕೊಟ್ಟಳು.

ಆಮೇಲೆ ಕಾರುಗಳು ಬಂದವು. ಬಂದವು ಎಂದರೆ ಸರಿಯಾಗಲಿಲ್ಲ. ಮೊದಲು ಕಾಡಿನಾಚೆ ಒಂದು ಕೂಗು ಎದ್ದಿತು, ಅದು ಏನೆಂದು ಕೇಳಲು ಬಾಯಿ ತೆರೆಯುವುದರೊಳಗೆ ಬೇಲಿಯ ಮುಂದೆ ಏನೋ ಕೆಂಪಗೆ ಹರಿದುಹೋಯಿತು, ಎದೆಯ ಎಲುಬು ಅದುರಿತು. ಅದು ಬರೀ ಅಭ್ಯಾಸದ ಓಟವಂತೆ. ಸುತ್ತಲಿನ ಜನ ಕಿವಿಗೆ ಹತ್ತಿ ತುರುಕಿಕೊಂಡಿದ್ದರು. ಮುದುಕಿ ನನಗೂ ಎರಡು ಉಂಡೆ ಮಾಡಿಕೊಟ್ಟಳು. ನಾನು ಬೇಡವೆಂದೆ. ಮತ್ತೆ ಕೊಟ್ಟಳು, ಮತ್ತೆ ಬೇಡವೆಂದೆ.

ಇದು ಮೊಂಡುತನವಲ್ಲ. ಕ್ವಾರಿಯವರು ಕಿವಿ ಮುಚ್ಚುವುದಿಲ್ಲ. ಮೇಲಿನ ಪದರಿನ ಬಂಡೆ ತೆಗೆಯಲು ನಾವು ಕುಳಿ ಹೊಡೆದು ಮದ್ದು ತುಂಬುತ್ತೇವೆ. ಬತ್ತಿ ಹೊತ್ತಿಸಿ ಎಲ್ಲರೂ ದೂರ ಓಡಿದ ಮೇಲೆ, ಎಷ್ಟು ಕುಳಿಯೋ ಅಷ್ಟು ಸದ್ದು ಎಣಿಸಬೇಕು. ಒಂದು ಕಡಿಮೆಯಾದರೆ ಒಂದು ಮದ್ದು ಸಿಡಿಯದೆ ಒಳಗೆ ಕಾಯುತ್ತಿದೆ ಎಂದರ್ಥ, ಯಾರೂ ಇಳಿಯುವಂತಿಲ್ಲ. ಎಣಿಸುವವನು ನಾನು. ನಾನು ಆಯಿತು ಎಂದರೆ ಆಳುಗಳು ಇಳಿಯುತ್ತಾರೆ. ಸದ್ದಿನ ಜಾಗದಲ್ಲಿ ಕಿವಿ ಮುಚ್ಚುವುದೆಂದರೆ ನನ್ನ ಮಟ್ಟಿಗೆ ರಸ್ತೆ ದಾಟುವಾಗ ಕಣ್ಣು ಮುಚ್ಚಿದಂತೆ.

ಆ ಚಾಳಿ ಅಲ್ಲೂ ಬಿಡಲಿಲ್ಲ. ಕಾಡಿನೊಳಗೆ ಹೋದಷ್ಟು ಕಾರು ತಿರುಗಿ ಬಂದವೇ ಎಂದು ನಾನು ಎಣಿಸತೊಡಗಿದೆ. ಒಂದು ಬರಲಿಲ್ಲವೆಂದರೆ ಬೇಲಿಯ ಗುಂಟ ಓಡಿ, ತಿರುವಿನವರೆಗೆ ಹೋಗಿ, ಕಾರು ಹುಲ್ಲಿನ ಮೇಲೆ ಸುಮ್ಮನೆ ನಿಂತಿರುವುದನ್ನು ಕಂಡು ಬರುತ್ತಿದ್ದೆ. ಜೂಲಿಯೊನಿಗೆ ಇದು ದೊಡ್ಡ ತಮಾಷೆ. “ನಮ್ಮ ಮಹಾರಾಜನು ಕಾರಿಗೆಲ್ಲ ಹಾಜರಿ ಹಾಕುತ್ತಿದ್ದಾನೆ,” ಎಂದು ಪಕ್ಕದವರಿಗೆ ಹೇಳಿದ.

ಮಧ್ಯಾಹ್ನ ಅವನು ಪಕ್ಕದವರೊಂದಿಗೆ ಇಸ್ಪೀಟು ಎಲೆ ಆಡಲು ಕೂತ. ಎಲೆ ಆಟದಲ್ಲಿ ಅವನು ತೊಡೆಯ ಕೆಳಗೆ ಎಲೆ ಅಡಗಿಸಿದ್ದನ್ನು ನಾನು ಕಣ್ಣಾರೆ ಕಂಡೆ. ನನಗೆ ತಡೆಯಲಾಗಲಿಲ್ಲ. ಆಟ ಮುಗಿದ ಮೇಲೆ ಮರದ ಹಿಂದೆ ಕರೆದು ಕೇಳಿಯೇಬಿಟ್ಟೆ.

“ನನ್ನ ಕಲ್ಲಿಗೆ ನಿಜವಾಗಿ ಬಿರುಕಿದೆಯೇ?”

“ನನ್ನ ಜನ ಹಾಗೆ ಹೇಳಿದರು.”

“ನೀನು ಬಾರಿಸಿ ನೋಡಿದೆಯಾ?”

“ಇಲ್ಲ. ಗೆರೆ ನೋಡಿದೆ, ಸಿಟ್ಟು ಬಂತು, ಬೇಡವೆಂದು ಹೇಳಿಕಳಿಸಿದೆ. ಸೋಮವಾರ ಬಾರಿಸೋಣ.”

ಬಾರಿಸದೆಯೇ ನನ್ನ ಕ್ವಾರಿಯ ಕೊರಳಿಗೆ ಹಗ್ಗ ಹಾಕಿದ್ದಾನೆ. ನನಗೆ ಅವನ ಮೇಲೆ ಕೈಮಾಡುವಷ್ಟು ಸಿಟ್ಟು ಬಂತು. ರಾತ್ರಿ ಆ ಡೇರೆಯಲ್ಲಿ, ಅವನ ಗೊರಕೆಯ ಪಕ್ಕದಲ್ಲಿ, ಹೊರಳಾಡಿಯೇ ಬೆಳಗು ಮಾಡಿದೆ.

ಭಾನುವಾರ ಬೆಳಿಗ್ಗೆ ಸಣ್ಣ ಮಳೆ ಬಂದು ನಿಂತಿತು. ಡೇರೆಯೊಳಗೆ ನೀರು ಬಂದು ನನ್ನ ರೊಟ್ಟಿಯ ಗಂಟು ನೆನೆಯಿತು. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಿದ್ದು, ಎಲ್ಲೆಲ್ಲಿಂದಲೋ ಜನ ಬಂದು ಬೇಲಿಗೆ ಅಂಟಿಕೊಂಡರು, ಮರದ ಕೊಂಬೆಗಳ ಮೇಲೂ ಕೂತರು. ಎಲ್ಲ ಕಾರು ಒಮ್ಮೆಗೇ ಹೊರಟಾಗ ಎದ್ದ ಸದ್ದನ್ನು ಬರೆಯಲು ನನಗೆ ಬಾರದು. ಮೊದಮೊದಲು ಎಣಿಸಲಾಗಲಿಲ್ಲ, ಒಂದರ ಬಾಲಕ್ಕೆ ಇನ್ನೊಂದು ಹತ್ತಿಕೊಂಡು ಬರುತ್ತಿದ್ದವು. ಆಮೇಲೆ ಚದುರಿದವು, ಎಣಿಕೆ ಹಿಡಿತಕ್ಕೆ ಬಂತು. ನಡುವೆ ಒಂದು ಬರಲಿಲ್ಲ. ಕಾಡಿನ ಮೇಲೆ ಹೊಗೆ ಕಂಡಿತು. ನಾನು ಜೂಲಿಯೊನ ತೋಳು ಹಿಡಿದು ಕಿರುಚಿದೆ. ಸ್ವಲ್ಪ ಹೊತ್ತಿಗೆ ಓಡಿಸುವವನು ಟೊಪ್ಪಿಗೆ ಕೈಯಲ್ಲಿ ಹಿಡಿದು ಹುಲ್ಲಿನ ಮೇಲೆ ನಡೆದುಕೊಂಡು ಬರುವುದು ಕಂಡಿತು. ನನ್ನ ಕಣ್ಣಲ್ಲಿ ನೀರು ಬಂತು. ಯಾರೋ ಗೊತ್ತಿಲ್ಲದವನು, ಹೆಸರೂ ತಿಳಿಯದವನು, ಅವನು ಬದುಕಿದ್ದಕ್ಕೆ ನನಗೆ ಅಷ್ಟು ಸಂತೋಷ.

ಹೇಳಬೇಕಾದ ಇನ್ನೊಂದು ಮಾತೂ ಇದೆ. ಆ ಮಧ್ಯಾಹ್ನ ಒಂದು ಗಳಿಗೆ ನಾನು ಕಲ್ಲನ್ನು ಮರೆತೆ. ಅಣ್ಣ, ಗಾದಿ, ಏಜೆಂಟ, ಬಿರುಕು ಎಲ್ಲವೂ ಆ ಸದ್ದಿನಲ್ಲಿ ಕೊಚ್ಚಿಹೋದವು. ಹುಟ್ಟಿದಾಗಿನಿಂದ ನನ್ನೊಳಗೆ ಏನೋ ಒಂದು ನಿಲ್ಲದೆ ಓಡುತ್ತಿರುತ್ತದೆ. ಅದಕ್ಕಿಂತ ಜೋರಾಗಿ ಓಡುವುದು ಮೊದಲ ಸಲ ಎದುರಿಗೆ ಸಿಕ್ಕಿತ್ತು, ಹಾಗಾಗಿ ಒಳಗಿನದು ಸುಮ್ಮನಾಗಿತ್ತು. ನಾನು ನಿಜವಾಗಿಯೂ ಸುಖಪಟ್ಟೆ.

ರೇಸು ಮುಗಿದು ಜನ ಕೂಗುತ್ತ ದಾರಿಗೆ ನುಗ್ಗಿದರು. ಅವರ ಬಾಯಿ ತೆರೆದಿರುವುದು ಕಾಣುತ್ತಿತ್ತು, ಕೂಗು ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿತ್ತು. ಕಿವಿಯೊಳಗೆ ಜೀರುಂಡೆಯ ಸದ್ದು. ಮದ್ದು ಹಾರಿಸಿದ ದಿನವೂ ಹೀಗಾಗುತ್ತದೆ, ಉಂಡು ಮಲಗಿ ಎದ್ದರೆ ಹೋಗುತ್ತದೆ ಎಂದುಕೊಂಡೆ. ವೆರೋನಾಕ್ಕೆ ಮರಳುವ ದಾರಿಯಲ್ಲಿ ಗಾಡಿಗಳ ಸಾಲು ಮುಂದೆ ಸರಿಯದೆ ನಿಂತಿತ್ತು. ಜೂಲಿಯೊ ಮಾತಾಡುತ್ತಲೇ ಇದ್ದ. ನಾನು ಅರ್ಧಕ್ಕೆ ಹೂಂ ಎನ್ನುತ್ತ ಬಂದೆ.

ಸೋಮವಾರ ಬೆಳಿಗ್ಗೆಯೂ ಜೀರುಂಡೆ ಹೋಗಿರಲಿಲ್ಲ. ಯಾರ್ಡಿಗೆ ಹೋದೆವು. ಮರುದಿನ ರೋಮಿನಿಂದ ನನ್ನ ವಿಮಾನ, ಹಾಗಾಗಿ ಇರುವುದು ಅದೊಂದೇ ದಿನ. ಜೂಲಿಯೊ ಆ ನಾಲ್ಕು ಬ್ಲಾಕುಗಳ ಮುಂದೆ ನನ್ನನ್ನು ನಿಲ್ಲಿಸಿ ಹೇಳಿದ: “ಮಾಂತೆ, ಇದು ನಿನ್ನ ಕಲ್ಲು. ನೀನೇ ಬಾರಿಸು. ನೀನು ಒಳ್ಳೆಯದು ಎಂದರೆ ಒಳ್ಳೆಯದು, ನಾಲ್ಕನ್ನೂ ಇಟ್ಟುಕೊಳ್ಳುತ್ತೇನೆ.”

ನಾನು ಮೊದಲ ಬ್ಲಾಕಿನ ನೆತ್ತಿಗೆ ಹೊಡೆದೆ. ಗೋಣಿಚೀಲಕ್ಕೆ ಹೊಡೆದಂತೆ ಕೇಳಿತು. ಎರಡನೆಯದು, ಮೂರನೆಯದು, ನಾಲ್ಕನೆಯದು, ಎಲ್ಲವೂ ಗೋಣಿಚೀಲವೇ. ಆಮೇಲೆ ತಕರಾರಿಲ್ಲದ ಇನ್ನೊಂದು ಬ್ಲಾಕಿಗೆ ಹೊಡೆದೆ. ಅದೂ ಹಾಗೆಯೇ ಕೇಳಿದಾಗ ತಿಳಿಯಿತು, ಸತ್ತಿರುವುದು ಕಲ್ಲಲ್ಲ, ನನ್ನ ಕಿವಿ. ಜೂಲಿಯೊ ಕೈ ಕಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದ. ಚೆನ್ನಾಗಿವೆ ಎಂದು ಒಂದೇ ಮಾತು ಹೇಳಿದ್ದರೆ ಮುಗಿದಿತ್ತು. ಕ್ವಾರಿ ಉಳಿಯುತ್ತಿತ್ತು. ಈ ಎರಡು ದಿನ ಅವನು ಹೇಳಿದ ಸುಳ್ಳುಗಳ ಎದುರಿಗೆ ನನ್ನದು ಒಂದು ಸಣ್ಣ ಸುಳ್ಳು. ಅದಕ್ಕಿಂತ ಹೆಚ್ಚಾಗಿ ಅದು ಸುಳ್ಳೇ ಅಲ್ಲದಿರಬಹುದು, ಕಲ್ಲು ನಿಜವಾಗಿಯೂ ಗಟ್ಟಿ ಇರಬಹುದು. ನಾಲಿಗೆಯ ತುದಿಗೆ ಬಂದಿತ್ತು.

ಶೆಡ್ಡಿನೊಳಗೆ ಕಲ್ಲು ಕೊಯ್ಯುವ ಗರಗಸ ನಡೆದಿತ್ತು. ಅದರ ಕೆಳಗಿನ ಬ್ಲಾಕಿನ ಮಗ್ಗುಲಲ್ಲೇ ಒಬ್ಬ ಆಳು ಬಗ್ಗಿ ನೀರು ಬಿಡುತ್ತಿದ್ದ. ಬಿರುಕಿದ್ದ ಕಲ್ಲು ಗರಗಸದ ಕೆಳಗೆ ಹೇಗೆ ಕಳಚಿ ಬೀಳುತ್ತದೆ ಎಂದು ನನಗೆ ಗೊತ್ತು. ಕೇಳದ ಸದ್ದನ್ನು ಕೇಳಿದೆ ಎಂದು ನಾನು ಜನ್ಮದಲ್ಲಿ ಹೇಳಿದವನಲ್ಲ.

“ನನಗೆ ಕೇಳುತ್ತಿಲ್ಲ,” ಎಂದೆ. “ರೇಸಿನಲ್ಲಿ ಕಿವಿ ಹೋಗಿದೆ. ಚೆನ್ನಾಗಿದೆಯೋ ಇಲ್ಲವೋ ಹೇಳಲಾರೆ.”

ಜೂಲಿಯೊ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡ. ಶೆಡ್ಡಿಗೆ ಹೋಗಿ ಗರಗಸ ನಿಲ್ಲಿಸಲು ಹೇಳಿ ಬಂದ. ಎರಡೂ ದಿನ ಹತ್ತಿ ಇಟ್ಟುಕೊಂಡಿದ್ದ ಅವನ ಕಿವಿ ಚೆನ್ನಾಗಿಯೇ ಇತ್ತು. ಮೊದಲನೆಯದಕ್ಕೆ ಹೊಡೆದು, ಕಣ್ಣು ಮುಚ್ಚಿ, ಕಲ್ಲಿಗೆ ತಲೆ ತಾಗಿಸಿ ಕೇಳಿದ. “ಒಳ್ಳೆಯದು. ಇದು ಸರಪಳಿಯ ಗೀರು. ನನ್ನ ಜನ ತಪ್ಪು ತಿಳಿದಿದ್ದಾರೆ.” ಎರಡನೆಯದು. “ಇದೂ ಒಳ್ಳೆಯದು.” ಮೂರನೆಯದಕ್ಕೆ ಹೊಡೆದು ತಲೆ ಅಲ್ಲಾಡಿಸಿದ. ನಾಲ್ಕನೆಯದನ್ನು ನಾಲ್ಕೂ ಕಡೆಯಿಂದ ಬಾರಿಸಿದ, ಮತ್ತೆ ಬಾರಿಸಿದ, ನನ್ನ ಕಡೆ ತಿರುಗಿ, “ಇಲ್ಲ ಮಾಂತೆ. ಇದೂ ಹೋಗಿದೆ,” ಎಂದ.

ನಾನು ಆ ಎರಡರ ಮೇಲೂ ಅಂಗೈ ಇಟ್ಟು ನೋಡಿದೆ. ನಮ್ಮ ಬಿಸಿಲಲ್ಲಿ ಕಾದು ಬಂದ ಕಲ್ಲು, ಇಲ್ಲಿ ತಣ್ಣಗಿತ್ತು. ಏನೂ ತಿಳಿಯಲಿಲ್ಲ. ಸರಿ ಎಂದೆ.

ಮರಳುವ ದಾರಿಯುದ್ದಕ್ಕೂ ಆ ಎರಡು ಕಲ್ಲು ನನ್ನನ್ನು ತಿಂದವು. ಜೂಲಿಯೊ ನಿಲ್ದಾಣಕ್ಕೆ ಬಂದು ತಬ್ಬಿಕೊಂಡು ಬೀಳ್ಕೊಟ್ಟ. ಅವನ ತಾಯಿ ಖಾಲಿ ಚಟ್ನಿ ಡಬ್ಬಿಯಲ್ಲಿ ಬಾದಾಮಿಯ ಬಿಸ್ಕೀಟು ತುಂಬಿಕೊಟ್ಟಿದ್ದಳು. ಆದರೆ ರೈಲಿನಲ್ಲಿ, ವಿಮಾನದಲ್ಲಿ, ನನ್ನ ಕಣ್ಣಿಗೆ ಕಟ್ಟುತ್ತಿದ್ದದ್ದು ತೊಡೆಯ ಕೆಳಗೆ ಎಲೆ ಅಡಗಿಸಿದ ಕೈ. ಕಿವುಡನ ಮುಂದೆ ಯಾರು ಏನು ಬೇಕಾದರೂ ಹೇಳಬಹುದು. ಎರಡು ಚೆನ್ನಾಗಿವೆ ಎಂದದ್ದು ಉಳಿದೆರಡರ ಸುಳ್ಳನ್ನು ನಂಬಿಸಲೆಂದೇ ಇರಬಹುದಲ್ಲ? ಸೊಲ್ಲಾಪುರದಲ್ಲಿ ಸಣ್ಣ ಗಾಡಿ ಹತ್ತಿ, ವಿಜಾಪುರ ದಾಟಿದ ಮೇಲೆ ಎಂಜಿನ್ನಿನ ಸಿಳ್ಳು ಎರಡೂ ಕಿವಿಗೆ ನಿಚ್ಚಳವಾಗಿ ಕೇಳಿತು. ಕಿವಿ ಮರಳಿ ಬಂದಿತ್ತು. ಅದಕ್ಕೆ ಒಂದೆರಡು ದಿನ ಮುಂಚೆ ಬರಲು ಏನಾಗಿತ್ತು ಎಂದು ಬೈದುಕೊಂಡೆ.

ಇಳಕಲ್ಲಿನಲ್ಲಿ ಇಳಿದವನು ಮನೆಗೆ ಹೋಗಲಿಲ್ಲ. ನೇರ ಅಂಗಡಿಗೆ ಹೋದೆ. ಅಣ್ಣ ಒಂದು ಸೀರೆಯ ಸೆರಗು ಮಡಚುತ್ತಿದ್ದ. ನಾನು ಪೆಟ್ಟಿಗೆ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಗಾದಿ ಹತ್ತಿ ಅವನ ಪಕ್ಕ ಕೂತೆ. ಕೊಟ್ಟ ಮಾತು ಕೊಟ್ಟ ಮಾತೇ. ಎದುರಿನ ಕಪಾಟಿನ ಸೀರೆಗಳನ್ನು ನೋಡಿದೆ, ಸಂಕಟವಾಯಿತು.

“ಏನಾತು?” ಎಂದ ಅಣ್ಣ.

“ಎರಡು ಚಲೋ ಅದಾವ. ಎರಡು ಒಡದಾವ.”

“ನೀ ಬಾರ್ಸಿ ನೋಡಿದಿ?”

“ನಾ ಬಾರ್ಸಿದ್ನಿ, ಕಿವಿ ಕೇಳ್ಲಿಲ್ಲ. ಅವನ ಬಾರ್ಸಿ ಹೇಳಿದಾ.” ಡೇರೆ, ಗೇಟು, ಎಲೆ ಆಟ, ಯಾರ್ಡು, ಎಲ್ಲವನ್ನೂ ಹೇಳಿದೆ. ಅಣ್ಣ ಮಡಚುವುದನ್ನು ನಿಲ್ಲಿಸದೆ ಕೇಳಿದ.

“ಕಿವಿ ಕೇಳವಲ್ದು ಅಂತ ಅವಗ ಮೊದಲ ಹೇಳಿಬಿಟ್ಟಿ?”

“ಹೇಳಿದ್ನಿ.”

“ನೀ ಹಂಗ ಹೇಳಿದ ಮ್ಯಾಲೂ, ಎರಡು ಚಲೋ ಅದಾವ ಅಂದಾ?”

“ಹೌದು. ತನ್ನ ಮಂದಿದ ತಪ್ಪಂತ ಅಂದಾ.”

“ನಾಲ್ಕೂ ಒಡದಾವ ಅಂದಿದ್ರ ನೀ ಏನ್ ಮಾಡ್ತಿದ್ದಿ?”

ಏನು ಮಾಡುವುದಿತ್ತು? ಕೇಳಿಕೊಂಡು ಬರುತ್ತಿದ್ದೆ.

ಅಣ್ಣ ಸೀರೆಯನ್ನು ಕಪಾಟಿನಲ್ಲಿಟ್ಟು, ಬಂದು ತನ್ನ ಜಾಗದಲ್ಲಿ ಕೂತು, ನಾನು ಒರಗಿದ್ದ ಲೋಡನ್ನು ಎಳೆದುಕೊಂಡ. “ಈ ಗಾದಿ ಮ್ಯಾಲೆ ನನ್ನ ಅರ್ಧ ಆಯುಷ್ಯ ಹೋತು,” ಎಂದ. “ಮಾರಾಂವಗ ಮಾಲಿನ ಗುಣಾ ತಿಳಿಯೂದಿಲ್ಲಂತ ಗೊತ್ತಿದ್ದೂ, ನಿನ್ನ ಮಾಲು ಚಲೋ ಐತಿ ಅಂದ ಗಿರಾಕಿ ನನಗ ಒಬ್ಬಾಂವನೂ ಸಿಕ್ಕಿಲ್ಲ. ಏಳು. ಹೋಗಿ ಅವಗ ಕಲ್ಲು ಕಳಸು.”